ಮೂಗಿನಕ್ಕನ ಕೈಯ ನೀಲಿ ಹನಿ

ನಮ್ಮ ಬೀದಿಯ ಕೊನೆಯಲ್ಲಿರುವ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳನ್ನು ಎಲ್ಲರೂ ಮೂಗಿನಕ್ಕ ಎನ್ನುತ್ತಾರೆ. ಅವಳ ಮೂಗೇನೂ ದೊಡ್ಡದಲ್ಲ. ಯಾರು ಕ್ಯಾನು ತಂದಿಟ್ಟರೂ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಒಮ್ಮೆ ಮೂಸಿ ನೋಡಿದ ಮೇಲೆಯೇ ಅವಳ ಮುಂದಿನ ಕೆಲಸ. ಹಾಲು ಹುಳಿಗೆ ತಿರುಗುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. "ಇದನ್ನ ಇವತ್ತು ಮನೆಯಲ್ಲೇ ಇಟ್ಕೊಳ್ಳಿ, ಮೊಸರಿಗಾಗುತ್ತೆ" ಎಂದು ಮೆಲ್ಲಗೆ ಹೇಳಿ ಕ್ಯಾನನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ನಾಲ್ಕು ಜನರ ಮುಂದೆ ಯಾರ ಮುಖಕ್ಕೂ ಹೊಡೆದ ಹಾಗೆ ಮಾತಾಡಿದವಳಲ್ಲ.

ಆ ಕೆಲಸಕ್ಕೆ ಅವಳನ್ನು ಸೇರಿಸಿದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಹಸುವೆಂದರೆ ಭಯ. ಕರೆಯಲು ಕೂತರೆ ಹಸು ಒದೆಯುತ್ತಿತ್ತು, ಇವಳು ಅಳುತ್ತಿದ್ದಳು, ಹಾಲು ನೆಲದ ಪಾಲಾಗುತ್ತಿತ್ತು. ಅತ್ತೆ ಒಂದು ವಾರ ನೋಡಿದರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಕೂತೇ ಒಲೆಯ ಮೇಲಿನ ಹಾಲು ತಳ ಹಿಡಿಯುತ್ತಿದೆ ಎಂದು ಸೊಸೆ ಹೇಳುವುದನ್ನೂ ನೋಡಿದರು. "ನಿನ್ನ ಕೈ ಹಸುವಿಗೆ ಹಿಡಿಸಲಿಲ್ಲ, ಬಿಡು. ದೇವರು ಮೂಗು ಚೆನ್ನಾಗಿ ಕೊಟ್ಟಿದ್ದಾನೆ" ಎಂದು ಕೈ ಹಿಡಿದು ಡೈರಿಗೆ ಕರೆದುಕೊಂಡು ಹೋದರು. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮನೆ ಎಂದರೆ ಅತ್ತೆ, ಸೊಸೆ ಮತ್ತು ಹಿಂದಿನ ಕೊಟ್ಟಿಗೆಯ ಎರಡು ಹಸು. ಅತ್ತೆ ಹಾಲು ಕರೆಯುವ ಹೊತ್ತಿಗೆ ಸೊಸೆ ಡೈರಿಯ ಬಾಗಿಲು ತೆಗೆದಿರಬೇಕು. ಹಾಗಾಗಿ ಅಂದಿನಿಂದ ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಒಟ್ಟಿಗೆ ನಿಂತದ್ದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅತ್ತೆಯನ್ನು ಬೀದಿಯವರು ದೊಡ್ಡಮ್ಮ ಎಂದು ಕರೆಯುತ್ತಾರೆ. ಅವರ ಹಾಲಿಗೆ ಒಂದು ಹೆಸರಿತ್ತು. ಪಕ್ಕದ ಬೀದಿಯ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಡೈರಿಯಿಂದ ದಿನವೂ ಒಂದು ಸ್ಟೀಲ್ ಪಾತ್ರೆ ಹಾಲು ಹೋಗುತ್ತದೆ. ನಂಬಿಕೆಯ ಕೆಲವೇ ಕ್ಯಾನುಗಳ ಹಾಲನ್ನು ಮಾತ್ರ ಆ ಪಾತ್ರೆಗೆ ಹುಯ್ಯುವುದು ರೂಢಿ, ಅದರಲ್ಲಿ ದೊಡ್ಡಮ್ಮನದು ಮೊದಲು. ಅವರು ಹಾಲಿಗೆ ತೊಟ್ಟು ನೀರು ಸೋಕಿಸುವವರಲ್ಲ. ನೆತ್ತಿ ಸುಡುವ ಬೇಸಿಗೆಯಲ್ಲೂ ಅವರ ಕ್ಯಾನಿನ ಹಾಲು ಒಡೆದದ್ದಿಲ್ಲ. "ನಮ್ಮತ್ತೆ ಕೈಗುಣ" ಎಂದು ಮೂಗಿನಕ್ಕ ಹೆಮ್ಮೆಪಡುತ್ತಿದ್ದಳು. ಮನೆಗೆಂದು ಉಳಿಸಿಕೊಂಡ ಹಾಲು ಮಾತ್ರ ಆಗಾಗ ಒಡೆಯುತ್ತಿತ್ತು. ಅಡುಗೆಮನೆಯ ಹಲಗೆ ಒಲೆಗೆ ಹತ್ತಿರವಿದೆ, ಅದಕ್ಕೇ ಇರಬೇಕೆಂದುಕೊಂಡಿದ್ದಳು.

ಈ ಬೇಸಿಗೆಯ ಆರಂಭದಲ್ಲಿ ಡೈರಿಗೆ ಯಂತ್ರ ಬಂತು. ಹಾಲಿನಲ್ಲಿ ಏನೇನೋ ಬೆರೆಯುತ್ತಿದೆ ಎಂದು ಕೊಳ್ಳುವವರಿಂದ ದೂರುಗಳು ಬಂದಿದ್ದವು. ಯಂತ್ರ ನೋಡಲು ಬಟ್ಟೆ ಪೆಟ್ಟಿಗೆಯಷ್ಟಿದೆ. ಒಂದು ಸಣ್ಣ ಉಕ್ಕಿನ ಕೊಳವೆ ಕ್ಯಾನಿನೊಳಗೆ ಇಳಿದು ಗುಟುಕು ಹಾಲು ಹೀರುತ್ತದೆ. ಒಳಗೆ ಗಾಜಿನ ಪುಟ್ಟ ಬಟ್ಟಲುಗಳು ಸುತ್ತುತ್ತಿರುತ್ತವೆ. ಒಂದೊಂದಕ್ಕೂ ಒಂದೊಂದು ರಾಸಾಯನಿಕದ ಹನಿ ತಾನಾಗಿ ಬೀಳುತ್ತದೆ, ಬಣ್ಣ ಬದಲಾದರೆ ಯಂತ್ರವೇ ಗುರುತಿಸಿ ಪರದೆಯ ಮೇಲೆ ಬರೆಯುತ್ತದೆ. ನೀರು, ಸಕ್ಕರೆ, ಹಿಟ್ಟು, ಯೂರಿಯಾ, ಕ್ಷಾರ, ಹೀಗೆ. ಸುತ್ತುವ ಬಟ್ಟಲುಗಳು ಕಾಣಲೆಂದು ಮುಂದೆ ಗಾಜಿನ ಕಿಟಕಿ ಇಟ್ಟಿದ್ದರು. ಸಾಲಿನಲ್ಲಿ ನಿಂತವರಿಗೂ ಕಾಣುತ್ತಿತ್ತು.

"ಇನ್ಮೇಲೆ ನಿನ್ನ ಮೂಗಿಗೆ ರಜಾ ಅಕ್ಕ" ಎಂದು ಬೀದಿಯ ದರ್ಜಿ ನಕ್ಕ. ಅವನೂ ಹಸು ಸಾಕಿದ್ದಾನೆ.

"ನೆಗಡಿ ಬಂದ್ರೂ ಕೆಲಸ ತಪ್ಪಿಸೋ ಹಾಗಿರಲಿಲ್ಲ. ಈಗ ಆರಾಮ" ಎಂದಳು ಅವಳು.

ಯಂತ್ರದ ಜೊತೆ ಒಂದು ನಿಯಮವೂ ಬಂತು. ಬೇಡವೆಂದ ಹಾಲನ್ನು ಜನ ಇನ್ನೊಂದು ಬೀದಿಯಲ್ಲಿ ಮಾರಬಾರದಲ್ಲ, ಅದಕ್ಕೆ ಅದರೊಳಗೆ ನೀಲಿ ಬಣ್ಣದ ಹನಿ ಬಿಟ್ಟು ವಾಪಸ್ ಕೊಡಬೇಕು. ಹೀರುವುದು, ಬೆರೆಸುವುದು, ನೋಡುವುದು, ಹೇಳುವುದು ಎಲ್ಲವನ್ನೂ ಯಂತ್ರ ಮಾಡುತ್ತಿತ್ತು. ನೀಲಿ ಬಿಡುವುದನ್ನು ಮಾತ್ರ ಮನುಷ್ಯರ ಕೈಗೆ ಬಿಟ್ಟಿದ್ದರು.

ಮೊದಲ ದಿನವೇ ದರ್ಜಿಯ ಹಾಲಿನಲ್ಲಿ ಸಕ್ಕರೆ ಕಂಡಿತು. ನೀರು ಬೆರೆಸಿದರೆ ಹಾಲು ತೆಳ್ಳಗಾಗಿ ಹಳೆಯ ಗಾಜಿನ ಅಳತೆಕಡ್ಡಿ ಹಿಡಿದುಬಿಡುತ್ತಿತ್ತು. ಒಂದಿಷ್ಟು ಸಕ್ಕರೆ ಹಾಕಿದರೆ ಅದು ಮೋಸ ಹೋಗುತ್ತಿತ್ತು. ಯಂತ್ರ ಮೋಸ ಹೋಗಲಿಲ್ಲ.

"ನಮ್ಮ ಹಸು ಸಿಹಿ ಹುಲ್ಲು ತಿನ್ನುತ್ತೆ" ಎಂದ ದರ್ಜಿ.

"ಅದಕ್ಕೇ ಚಹಾನೂ ಕುಡಿಸ್ತೀಯೇನೋ" ಎಂದರು ಯಾರೋ. ಸಾಲೆಲ್ಲ ನಕ್ಕಿತು. ಮೂಗಿನಕ್ಕ ನೀಲಿ ಬಿಟ್ಟಳು.

ಅವನ ಹಿಂದೆಯೇ ದೊಡ್ಡಮ್ಮ ನಿಂತಿದ್ದರು. ಕೊಳವೆ ಇಳಿಯಿತು, ಬಟ್ಟಲು ಸುತ್ತಿತು. ಒಂದು ಬಟ್ಟಲು ಎಲ್ಲರ ಹಾಲಿಗೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದದ್ದು, ಈ ಸಲ ಗುಲಾಬಿಯಾಯಿತು. ಪರದೆಯ ಮೇಲೆ 'ಕ್ಷಾರ ಇದೆ' ಎಂದು ಮೂಡಿತು.

ಮೂಗಿನಕ್ಕ ಕೊಳವೆಯನ್ನು ತೊಳೆದು ಮತ್ತೆ ಇಳಿಸಿದಳು. ಮತ್ತೆ ಗುಲಾಬಿ. ಅತ್ತೆಯ ಮುಖ ನೋಡಿದಳು. ಅವರು ಯಂತ್ರವನ್ನು ನೋಡುತ್ತಿದ್ದರು, ಗೊತ್ತಿಲ್ಲದ ಭಾಷೆಯಲ್ಲಿ ಬೈಯುವವರನ್ನು ನೋಡುವ ಹಾಗೆ.

"ಅತ್ತೆ, ನಿಯಮ" ಎಂದಳು.

"ನಿಯಮ ಅಂದ್ಮೇಲೆ ಹಾಕು" ಎಂದರು ಅವರು.

ನೀಲಿ ಹನಿ ಬಿಳಿಯ ಮೇಲೆ ಬಿದ್ದು, ನೂಲಿನ ಹಾಗೆ ಎಳೆ ಬಿಟ್ಟು, ನಿಧಾನಕ್ಕೆ ಹರಡಿತು. ನೀಲಿ ಬಿದ್ದವರೆಲ್ಲ ಮುಚ್ಚಳ ಬಿಗಿದು, ಗೋಡೆಯ ಬದಿಗೆ ಕ್ಯಾನು ಹಿಡಿದು ಹೋಗುತ್ತಿದ್ದರು. ದೊಡ್ಡಮ್ಮ ಮುಚ್ಚಳ ಹಾಕಲೇ ಇಲ್ಲ. ಬೀದಿಯ ನಡುವೆಯೇ ತೆರೆದ ಕ್ಯಾನು ಹೊತ್ತು ಮನೆಗೆ ಬಂದರು. ನಾನು ನಮ್ಮ ಬಾಗಿಲಲ್ಲಿದ್ದೆ, ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. "ಏನು ದೊಡ್ಡಮ್ಮ ಇದು?" ಎಂದೆ. "ನನಗೂ ಗೊತ್ತಿಲ್ಲಮ್ಮ. ಗೊತ್ತಿಲ್ಲದ್ದನ್ನ ಯಾಕೆ ಮುಚ್ಚಿಡ್ಲಿ" ಎಂದು ಒಳಗೆ ಹೋದರು.

ಕ್ಷಾರವೆಂದರೆ ಪಾತ್ರೆ ತೊಳೆಯುವ ಪುಡಿಯೂ ಇರಬಹುದು ಎಂದು ಯಂತ್ರ ಕೂಡಿಸಲು ಬಂದಿದ್ದವರು ಹೇಳಿದರು. ಮೂಗಿನಕ್ಕನ ಜೀವಕ್ಕೆ ಸಮಾಧಾನವಾಯಿತು. ದೊಡ್ಡಮ್ಮ ಕ್ಯಾನು ಉಜ್ಜುವುದೆಂದರೆ ಅದರ ಚರ್ಮ ಸುಲಿದ ಹಾಗೆ. ಆ ದಿನ ಅತ್ತೆ ಸೊಸೆ ಇಬ್ಬರೂ ಹಿತ್ತಲಲ್ಲಿ ಕೂತು ಪುಡಿ ಮುಟ್ಟದೆ, ಕುದಿಯುವ ನೀರು ಹುಯ್ದು ಹುಯ್ದು ಕ್ಯಾನು ಜಾಲಾಡಿದರು, ಬಿಸಿಲಿಗೆ ಬೋರಲು ಹಾಕಿದರು.

ಮರುದಿನವೂ ಗುಲಾಬಿಯೇ ಬಂತು. ಮತ್ತೆ ನೀಲಿ.

ಈಗ ಸಾಲಿನಲ್ಲಿ ನಗು ಇರಲಿಲ್ಲ, ಗೊಣಗಾಟವಿತ್ತು. ಮುಂದೆ ಬಂದು ಮಾತಾಡಿದವನು ದರ್ಜಿ. "ನನ್ನನ್ನ ಬಿಡಿ, ನಾನು ಸಾಮಾನ್ಯ ಮನುಷ್ಯ. ದೊಡ್ಡಮ್ಮನ ಹಾಲು ಕಲಬೆರಕೆ ಅಂತ ಹೇಳೋ ಯಂತ್ರನ ನಂಬ್ತೀರಾ? ಮಕ್ಕಳಾಸ್ಪತ್ರೆಗೆ ಹೋಗೋ ಹಾಲು ಅದು. ಇದಕ್ಕೆ ತಲೆ ಕೆಟ್ಟಿದೆ, ಲಾರಿ ಹತ್ತಿಸಿ." ನೀಲಿ ಬಿದ್ದವರೆಲ್ಲ ಹೌದು ಹೌದು ಎಂದರು. ಬೀಳದವರೂ ಎಂದರು, ದೊಡ್ಡಮ್ಮನ ಮೇಲಿನ ಅಭಿಮಾನಕ್ಕೆ.

ಡೈರಿಯ ಕಾರ್ಯದರ್ಶಿ ಜಗಳವಾಗದಿದ್ದರೆ ಸಾಕು ಎನ್ನುವ ಸ್ವಭಾವದವರು. ಆ ದಿನ ಸಂಜೆಯ ಹಾಲು ತೆಗೆದುಕೊಳ್ಳುವುದಿಲ್ಲವೆಂದು ಬಾಗಿಲು ಮುಚ್ಚಿಸಿ, ಮೂಗಿನಕ್ಕನನ್ನು ಒಳಗೆ ಕರೆದರು.

"ನೋಡಮ್ಮ, ನಾಳೆ ಬೆಳಿಗ್ಗೆ ಜನರ ಮುಂದೆ ನೀನೊಂದು ಮಾತು ಹೇಳು ಸಾಕು. ನಮ್ಮತ್ತೆ ಹಾಲು ಶುದ್ಧ, ಯಂತ್ರವೇ ಸರಿಯಿಲ್ಲ ಅಂತ. ನಿನ್ನ ಮಾತನ್ನ ಎಲ್ಲರೂ ಒಪ್ತಾರೆ. ನಾನು ಇದನ್ನ ವಾಪಸ್ ಕಳಿಸ್ತೀನಿ."

"ಕಳಿಸಿದ್ರೆ ಸಕ್ಕರೆ ಹಾಕೋರು, ಹಿಟ್ಟು ಹಾಕೋರು?"

"ಅವರು ಮೊದಲೂ ಇದ್ರು, ನಾವೂ ಇದ್ವಿ. ನಿಮ್ಮತ್ತೆ ಹೆಸರು ನೋಡ್ಕೋ."

ಅವಳಿಗೆ ಬೇಕಾಗಿದ್ದದ್ದೂ ಅದೇ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೂ ಇಲ್ಲವಂತೆ. ಅತ್ತೆಯ ಹಾಲು ಶುದ್ಧವೇ ತಾನೇ. ಆ ಮಾತನ್ನು ಬಾಯಲ್ಲೇ ಹೊರಳಿಸುತ್ತ ಮನೆಗೆ ಬಂದಳು.

ಮನೆಗೆ ಬಂದಾಗ ಸಂಜೆ ಹಾಲು ಕರೆಯುವ ಹೊತ್ತು. ಕೊಟ್ಟಿಗೆಗೆ ಹೋಗಿ ಕಂಬಕ್ಕೆ ಒರಗಿ ನಿಂತಳು. ಡೈರಿ ಮುಚ್ಚಿದ್ದು ಇನ್ನೂ ತಿಳಿಯದ ದೊಡ್ಡಮ್ಮ ಹಸುವಿನ ಕೆಚ್ಚಲು ತೊಳೆದು ಒರೆಸಿದರು, ಕಣ್ಣು ಮುಚ್ಚಿ ದೇವರನ್ನು ನೆನೆದರು, ಹಾಲು ಕರೆದರು. ಮನೆಗೆ ಬೇಕಾದಷ್ಟನ್ನು ಚೊಂಬಿಗೆ ಬಗ್ಗಿಸಿದರು. ಆಮೇಲೆ, ತಲೆಗೆ ಕಟ್ಟಿದ ಬಟ್ಟೆಯನ್ನು ಸರಿಮಾಡಿಕೊಳ್ಳುವಷ್ಟು ಸಹಜವಾಗಿ, ಗೋಡೆಯ ಗೂಡಿನಲ್ಲಿದ್ದ ಡಬ್ಬಿಗೆ ಕೈಹಾಕಿ ಒಂದು ಚಿಟಿಕೆ ಪುಡಿ ತೆಗೆದು ಕ್ಯಾನಿನೊಳಗೆ ಉದುರಿಸಿದರು. ಅದರ ಮೇಲೆ ಹಾಲು ಹುಯ್ದರು.

"ಅದೇನತ್ತೆ ಹಾಕಿದ್ದು?"

"ಯಾವುದು?"

"ಈಗ ಹಾಕಿದ್ರಲ್ಲ, ಕ್ಯಾನಿಗೆ."

"ಓ, ಇದಾ. ಅಡುಗೆ ಸೋಡಾ. ಹಾಲು ಒಡೀಬಾರದಲ್ಲ" ಎಂದು ದೊಡ್ಡಮ್ಮ ಹಸುವಿನ ಬೆನ್ನು ತಟ್ಟಿದರು.

ಮೂಗಿನಕ್ಕ ಗೂಡಿನ ಡಬ್ಬಿ ತೆಗೆದು ನೋಡಿದಳು. "ಯಾವಾಗಿಂದ ಹಾಕ್ತಿದ್ದೀರಾ?"

"ನಿನ್ನ ಗಂಡ ತೊಟ್ಟಿಲಲ್ಲಿದ್ದಾಗಿಂದ. ಆಗ ಡೈರಿ ಇಲ್ಲಿರಲಿಲ್ಲ, ಗುಡ್ಡದ ಆಚೆ. ಬಿಸಿಲಲ್ಲಿ ಕ್ಯಾನು ಹೊತ್ತು ನಡೀಬೇಕು. ಒಂದಿನ ಅಷ್ಟೂ ಹಾಲು ಒಡೆದುಹೋಯ್ತು, ನನ್ನ ಕಣ್ಣೆದುರೇ ಚರಂಡಿಗೆ ಸುರಿದ್ರು. ಅಳ್ತಾ ಬಂದೆ. ನಮ್ಮತ್ತೆ ಬೈಲಿಲ್ಲ, ಈ ಚಿಟಿಕೆ ಹೇಳಿಕೊಟ್ರು."

"ನನಗೆ ಹೇಳಲೇ ಇಲ್ಲ ನೀವು."

"ನೀನು ಕೇಳಲೇ ಇಲ್ಲ. ಹಾಲು ಕರೆಯೋಕೆ ಮುಂಚೆ ಕೈ ತೊಳ್ಕೊಂಡೆ ಅಂತ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?"

"ಅತ್ತೆ, ಯಂತ್ರ ಕ್ಷಾರ ಅಂತಿರೋದು ಅದನ್ನೇ."

ದೊಡ್ಡಮ್ಮನ ಕೈ ಹಸುವಿನ ಬೆನ್ನ ಮೇಲೆಯೇ ನಿಂತಿತು. ಡೈರಿ ಗುಡ್ಡದಾಚೆಯಿಂದ ಬೀದಿಯ ಕೊನೆಗೆ ಬಂದು ಎಷ್ಟೋ ಕಾಲವಾಗಿತ್ತು. ಅಲ್ಲಿ ಹಾಲು ತಣ್ಣಗಿಡುವ ದೊಡ್ಡ ತೊಟ್ಟಿಯೂ ಇತ್ತು. ಚಿಟಿಕೆಗೆ ಇದ್ದ ಕಾರಣ ಹೋಗಿ ವರ್ಷಗಳಾಗಿದ್ದವು. ಕೈ ಮಾತ್ರ ತನ್ನ ಪಾಡಿಗೆ ತಾನು ಗೂಡಿಗೆ ಹೋಗುತ್ತಿತ್ತು.

"ನಾನು ಒಂದು ತೊಟ್ಟು ನೀರು ಬೆರೆಸಿದವಳಲ್ಲ" ಎಂದರು ಕೊನೆಗೆ.

"ಗೊತ್ತು ಅತ್ತೆ."

"ಆ ದರ್ಜಿ ಸಕ್ಕರೆ ಹಾಕೋದು ಮೋಸ ಮಾಡೋಕೆ. ನಾನು ಹಾಕಿದ್ದು ಕಾಪಾಡೋಕೆ. ಎರಡೂ ಒಂದೇನಾ ನಿನ್ನ ಯಂತ್ರಕ್ಕೆ?"

"ಯಂತ್ರಕ್ಕೆ ಮನಸ್ಸು ಕಾಣಲ್ಲ. ಹಾಲು ಮಾತ್ರ ಕಾಣುತ್ತೆ." ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. "ಹಾಲು ಕೆಡೋಕೆ ಶುರುವಾದ್ರೆ ಮೊದಲು ಹುಳಿ ವಾಸನೆ ಬರುತ್ತೆ. ಅದು ಹಾಲು ತಾನೇ ಬಾಯ್ಬಿಟ್ಟು ಹೇಳಿದ ಹಾಗೆ. ಸೋಡಾ ಹಾಕಿದ್ರೆ ಆ ಬಾಯಿ ಮುಚ್ಚಿಹೋಗುತ್ತೆ. ಕೆಡೋದೇನೂ ನಿಲ್ಲಲ್ಲ. ನಾನು ಮೂಸಿ, ಚೆನ್ನಾಗಿದೆ ಅಂತ ಆಸ್ಪತ್ರೆ ಪಾತ್ರೆಗೆ ಹುಯ್ತಾ ಬಂದಿದ್ದೀನಿ."

"ಮಕ್ಕಳಿಗೆ ಏನಾದ್ರೂ ಆಗಿದೆಯೇನೇ?"

"ಗೊತ್ತಿಲ್ಲ ಅತ್ತೆ. ಅದೇ ಕಷ್ಟ. ಗೊತ್ತಾಗೋ ದಾರಿನೇ ನಮಗಿರಲಿಲ್ಲ."

ಆಮೇಲೆ ಕಾರ್ಯದರ್ಶಿ ಹೇಳಿದ್ದನ್ನೆಲ್ಲ ಹೇಳಿದಳು. ಇನ್ನು ಮೇಲೆ ಸೋಡಾ ಹಾಕದಿದ್ದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ದೊಡ್ಡಮ್ಮನ ಹೆಸರು ಉಳಿಯುತ್ತದೆ, ಯಂತ್ರ ಹೋಗುತ್ತದೆ. "ನಾಳೆ ನಾನೇನು ಹೇಳ್ಲಿ?" ಎಂದು ಕೇಳಿದಳು.

"ನಿನಗೆ ತೋಚಿದ್ದು ಹೇಳು" ಎಂದು ದೊಡ್ಡಮ್ಮ ಎದ್ದು ಒಳಗೆ ಹೋದರು. ಊಟಕ್ಕೆ ಕೂತರು, ತಟ್ಟೆಯಲ್ಲಿದ್ದದ್ದನ್ನು ಕೆದಕಿ ಎದ್ದರು. ಸೊಸೆ ಮತ್ತೆ ಕೇಳಲಿಲ್ಲ. ಹಿರಿಯರ ತಪ್ಪನ್ನು ಅವರ ಕೈಗೇ ಕೊಟ್ಟ ಮೇಲೆ ಅದನ್ನು ಏನು ಮಾಡಬೇಕೆಂದು ತೋರಿಸಿಕೊಡುವುದು ತನ್ನ ಕೆಲಸವಲ್ಲ ಎನ್ನಿಸಿತಂತೆ. ಆದರೆ ಯಂತ್ರ ಸರಿಯಿಲ್ಲವೆನ್ನುವ ಮಾತು ಮಾತ್ರ ಇನ್ನು ತನ್ನ ಬಾಯಿಂದ ಬರುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಕೇಳಿದರೆ ಸುಮ್ಮನಿರುವುದೋ, ನಿಜ ಹೇಳಿ ಅತ್ತೆಯನ್ನು ಬೀದಿಗೆ ತರುವುದೋ, ಅಷ್ಟು ಮಾತ್ರ ಗೊತ್ತಾಗಿರಲಿಲ್ಲ. ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಬಂದು ಸ್ವಲ್ಪ ಹೊತ್ತು ಕೂತಿದ್ದಳು. ನಡೆದದ್ದನ್ನೆಲ್ಲ ನನ್ನೆದುರು ಹೇಳಿಕೊಂಡಳು. ಅವಳಿಗಾಗಿ ಮನಸ್ಸಿನಲ್ಲೇ ಬೇಡಿಕೊಂಡೆ.

ಬೆಳಿಗ್ಗೆ ಡೈರಿಯ ಮುಂದೆ ಎಂದಿಗಿಂತ ಹೆಚ್ಚು ಜನ. ನಾನೂ ಹೋಗಿದ್ದೆ. ಯಂತ್ರ ತುಂಬುವ ರಟ್ಟಿನ ಪೆಟ್ಟಿಗೆಯನ್ನು ಕಾರ್ಯದರ್ಶಿ ಆಗಲೇ ಹೊರಗೆ ತರಿಸಿಟ್ಟಿದ್ದರು. "ಮೂಗಿನಕ್ಕ ಹೇಳ್ಲಿ, ಮೂಗಿನಕ್ಕ ಹೇಳ್ಲಿ" ಎನ್ನುತ್ತಿದ್ದ ದರ್ಜಿ. ಅವಳು ಎದ್ದು ನಿಂತಳು, ಬಾಯಿ ತೆರೆದಳು.

"ಸ್ವಲ್ಪ ತಾಳು" ಎಂದಿತು ಹಿಂದಿನಿಂದ ದೊಡ್ಡಮ್ಮನ ದನಿ.

ಅವರು ಅಂದು ಕ್ಯಾನು ತಂದಿರಲಿಲ್ಲ. ಎರಡು ಕೈಯಲ್ಲಿ ಎರಡು ಚೊಂಬು ಹಿಡಿದು ಬಂದು ಮೇಜಿನ ಮೇಲಿಟ್ಟರು. "ಎರಡೂ ಈಗ ತಾನೇ ಕರೆದಿದ್ದು. ಒಂದೇ ಹಸು, ಒಂದೇ ಕೈ. ಮೊದಲು ಇದನ್ನ ನೋಡು."

ಕೊಳವೆ ಇಳಿಯಿತು. ಬಟ್ಟಲು ಸುತ್ತಿತು. ಇಟ್ಟಿಗೆ ಬಣ್ಣ. ಪರದೆಯ ಮೇಲೆ ಎಲ್ಲ ಸರಿಯಿತ್ತು.

"ನೋಡಿದ್ರಾ, ನಾನು ಹೇಳ್ಲಿಲ್ವಾ?" ಎಂದ ದರ್ಜಿ.

"ಈಗ ಇದನ್ನ ನೋಡು" ಎಂದರು ದೊಡ್ಡಮ್ಮ.

ಬಟ್ಟಲು ಗುಲಾಬಿಯಾಯಿತು. ಗಾಜಿನ ಕಿಟಕಿಯಲ್ಲಿ ಎಲ್ಲರಿಗೂ ಕಂಡಿತು.

"ಇದರಲ್ಲಿ ಸೋಡಾ ಹಾಕಿದ್ದೀನಿ. ನಾನೇ ಹಾಕಿದ್ದು. ಇವತ್ತು ನಿಮಗೆ ತೋರಿಸೋಕೆ ಹಾಕಿದೆ, ಇಷ್ಟು ವರ್ಷ ಹಾಲು ಒಡೀದಿರಲಿ ಅಂತ ಹಾಕ್ತಿದ್ದೆ. ತಪ್ಪು ಅಂತ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ್ರೆ ಕುಡಿದ ಮಕ್ಕಳಿಗೆ ಏನು ಬಂತು? ಯಂತ್ರ ಸರಿಯಾಗೇ ಹೇಳ್ತಿದೆ."

ದರ್ಜಿಯೇ ಸಾವರಿಸಿಕೊಂಡು, "ಅಯ್ಯೋ ದೊಡ್ಡಮ್ಮ, ಒಂದು ಚಿಟಿಕೆ ಸೋಡಾ ಏನು ಮಹಾ. ನಿಮ್ಮಂಥೋರೇ ಹೀಗಂದ್ರೆ ನಮ್ಮ ಗತಿ ಏನು" ಎಂದ.

"ನೀನು ಸುಮ್ನಿರಪ್ಪ. ನಿನ್ನ ಹರಕು ಅಂಗಿಗೆ ನನ್ನನ್ನ ತೇಪೆ ಮಾಡ್ಕೋಬೇಡ."

ಹಿಂದೆ ಯಾರೋ ಕಿಸಕ್ಕೆಂದರು. ಸಾಲಿನ ಕೊನೆಯಲ್ಲಿ ಒಬ್ಬರು ಏನನ್ನೋ ಮರೆತು ಬಂದವರ ಹಾಗೆ ಹಣೆ ಚಚ್ಚಿಕೊಂಡು, ಕ್ಯಾನು ಎತ್ತಿಕೊಂಡು ಮನೆಯ ದಾರಿ ಹಿಡಿದರು. ಅವರ ಹಿಂದೆ ಇನ್ನೊಬ್ಬರು.

ದೊಡ್ಡಮ್ಮ ಗುಲಾಬಿ ತೋರಿಸಿದ ಚೊಂಬನ್ನು ಸೊಸೆಯ ಮುಂದೆ ಸರಿಸಿದರು. "ನೀಲಿ ಹಾಕು."

"ಇದು ಮಾರೋಕೆ ತಂದಿದ್ದಲ್ಲ ಅತ್ತೆ, ಬೇಕಾಗಿಲ್ಲ."

"ಹಾಕು ಮಗಳೇ. ಜನ ನೋಡ್ಲಿ."

ಮೂಗಿನಕ್ಕ ಹಾಕಿದಳು. ಮೊದಲೆರಡು ಸಲ ನೆಟ್ಟಗಿದ್ದ ಸೀಸೆ ಈ ಸಲ ವಾಲಿತು. ಹನಿ ಒಂದರ ಬದಲು ಎರಡು ಬಿತ್ತು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಸೀಸೆಯನ್ನು ನೆಟ್ಟಗೆ ಮಾಡಿದರು.

ರಟ್ಟಿನ ಪೆಟ್ಟಿಗೆ ಒಳಗೆ ಹೋಯಿತು. ಯಂತ್ರ ಉಳಿಯಿತು. ನೀಲಿ ಬಿದ್ದವರ ಹಾಲು ಒಂದು ಋತು ಕಳೆಯುವವರೆಗೆ ಆಸ್ಪತ್ರೆಯ ಪಾತ್ರೆಗೆ ಸೇರುವ ಹಾಗಿಲ್ಲ ಎಂದು ಕಾರ್ಯದರ್ಶಿ ತಲೆ ತಗ್ಗಿಸಿಕೊಂಡು ಹೇಳಿದರು. "ಸರಿ" ಎಂದರು ದೊಡ್ಡಮ್ಮ. ಮನೆಗೆ ಬಂದ ಮೇಲೆ ಅದೊಂದಕ್ಕೆ ಮಾತ್ರ ತುಂಬ ಅತ್ತರು ಎಂದು ಸೊಸೆ ಹೇಳಿದಳು. ಆ ಪಾತ್ರೆಗೆ ತನ್ನ ಹಾಲು ಮೊದಲು ಬೀಳುವುದನ್ನು ಅವರು ದಿನದ ಪ್ರಾರ್ಥನೆಯ ಹಾಗೆ ನಡೆಸಿಕೊಂಡು ಬಂದಿದ್ದರು. ಅದು ನಿಜವಾಗಿ ಪ್ರಾರ್ಥನೆಯೇ ಆಗಿತ್ತು, ಒಂದು ಚಿಟಿಕೆ ಹೆಚ್ಚಾಗಿತ್ತು, ಅಷ್ಟೇ.

ಈಗ ಅವರಿಗೆ ಬೀದಿಯಲ್ಲಿ ಸೋಡಾ ದೊಡ್ಡಮ್ಮ ಎಂಬ ಹೆಸರು ಬಿದ್ದಿದೆ. ಇಟ್ಟವನು ದರ್ಜಿ. ಅವನ ಹಾಲು ಸ್ವಲ್ಪ ತೆಳ್ಳಗಿದ್ದರೂ ಸಕ್ಕರೆಯಿಲ್ಲದೆ ಬರುತ್ತಿದೆ. ಮೂಗಿನಕ್ಕ ಈಗಲೂ ಕ್ಯಾನಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸುತ್ತಾಳೆ, ಆಮೇಲೆ ಕೊಳವೆ ಇಳಿಸುತ್ತಾಳೆ. ಯಂತ್ರ ಇರುವಾಗ ಯಾಕೆ ಎಂದು ಕೇಳಿದೆ. "ಅಭ್ಯಾಸ" ಎಂದಳು. ಮುಂದಿನ ಕ್ಯಾನಿನ ಮುಚ್ಚಳ ತೆಗೆಯುತ್ತ, "ನನ್ನ ಮೂಗಿಗೆ ಯಾವ್ಯಾವುದು ಗೊತ್ತಾಗಲ್ಲ ಅಂತ ಈಗ ನನಗೆ ಗೊತ್ತಿದೆಯಲ್ಲ. ಇನ್ನು ಮೂಸಬಹುದು" ಎಂದಳು.

ಡಬ್ಬಿಯನ್ನು ದೊಡ್ಡಮ್ಮ ಅಡುಗೆಮನೆಗೆ ಸಾಗಿಸಿದ್ದಾರೆ. ಆದರೂ ಹಾಲು ಕರೆದಾದ ಮೇಲೆ ಅವರ ಕೈ ತಾನಾಗಿ ಗೂಡಿಗೆ ಹೋಗುವುದನ್ನು ಮೊನ್ನೆ ಹಿತ್ತಲ ಮೋಟುಗೋಡೆಯ ಈಚೆಯಿಂದ ನಾನೇ ನೋಡಿದೆ. ಗೂಡು ಖಾಲಿ. ಕೈ ಅಲ್ಲಿ ಒಂದು ಕ್ಷಣ ತಡಕಾಡಿತು. ದೊಡ್ಡಮ್ಮ ಆ ಬರಿಗೈಯನ್ನು ಎದೆಗೆ ಮುಟ್ಟಿಸಿಕೊಂಡು, ಏನೋ ಗುನುಗಿ, ಹಾಲನ್ನು ಕ್ಯಾನಿಗೆ ಹುಯ್ದರು.